ಆಮ್ಲಜನಕ ಎಂಬ ಹೆಸರಿನೊಳಗಿನ ತಪ್ಪು

ಆಮ್ಲಜನಕ ಎಂದರೆ ಆಮ್ಲವನ್ನು ಹುಟ್ಟಿಸುವಂಥದ್ದು. ಪ್ರೌಢಶಾಲೆಯಲ್ಲಿ ನೂರಾರು ಸಲ ಬರೆದಿದ್ದರೂ ಈ ಪದವನ್ನು ಬಿಡಿಸಿ ನೋಡುವ ಬುದ್ಧಿ ನನಗೆ ಬಂದದ್ದು ತೀರ ತಡವಾಗಿ. ಫ್ರಾನ್ಸಿನ ರಸಾಯನವಿಜ್ಞಾನಿ ಲವಾಸಿಯೆ ಹದಿನೆಂಟನೆಯ ಶತಮಾನದಲ್ಲಿ ಮಾಡಿದ ತಪ್ಪೊಂದು ನಮ್ಮ ಪಠ್ಯಪುಸ್ತಕಗಳಲ್ಲಿ ಅದೇ ಅರ್ಥದೊಂದಿಗೆ ಇನ್ನೂ ಉಳಿದುಕೊಂಡಿದೆ.

ತಪ್ಪಾದರೂ ಅದು ದಡ್ಡತನದ್ದಲ್ಲ. ಗಂಧಕ, ರಂಜಕ, ಇದ್ದಿಲುಗಳನ್ನು ಉರಿಸಿ, ಬಂದದ್ದನ್ನು ನೀರಿನಲ್ಲಿ ಕರಗಿಸಿದರೆ ಆಮ್ಲವೇ ಸಿಗುತ್ತದೆ. ಆದ್ದರಿಂದ ಉರಿಯುವಾಗ ಸೇರಿಕೊಂಡ ಅನಿಲವೇ ಹುಳಿಗೆ ಕಾರಣವೆಂದು ಅವರು ತೀರ್ಮಾನಿಸಿದರು. 1810ರಲ್ಲಿ ಇಂಗ್ಲೆಂಡಿನ ರಸಾಯನವಿಜ್ಞಾನಿ ಹಂಫ್ರಿ ಡೇವಿ ಕ್ಲೋರಿನ್ ಒಂದು ಮೂಲವಸ್ತುವೆಂದು ವಾದಿಸಿ, ಇಂದು ನಾವು ಹೈಡ್ರೋಕ್ಲೋರಿಕ್ ಆಮ್ಲವೆನ್ನುವುದರಲ್ಲಿ ಆಮ್ಲಜನಕವೇ ಇಲ್ಲವೆಂದು ತೋರಿಸಿದ ಮೇಲೆ ಹೊಣೆ ಜಲಜನಕದ ಮೇಲೆ ಬಿತ್ತು.

ಸ್ವೀಡನ್ನಿನ ಅರೇನಿಯಸ್ 1884ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ, ನೀರಿನಲ್ಲಿ ಕರಗಿದ ಲವಣಗಳು ವಿದ್ಯುದಾವೇಶವುಳ್ಳ ಕಣಗಳಾಗಿ (ಅಯಾನುಗಳಾಗಿ) ಬೇರ್ಪಡುತ್ತವೆ ಎಂಬ ವಿಚಾರದ ಪ್ರಬಂಧಕ್ಕೆ ಪರೀಕ್ಷಕರು ಕೆಳದರ್ಜೆ ಕೊಟ್ಟರು. 1903ರಲ್ಲಿ ಅದೇ ವಿಚಾರಕ್ಕೆ ನೊಬೆಲ್ ಪ್ರಶಸ್ತಿ ಬಂತು. ಅವರ ಪ್ರಕಾರ ನೀರಿನಲ್ಲಿ ಜಲಜನಕದ ಅಯಾನು ಕೊಡುವುದು ಆಮ್ಲ, ಹೈಡ್ರಾಕ್ಸೈಡ್ ಅಯಾನು ಕೊಡುವುದು ಪ್ರತ್ಯಾಮ್ಲ. ಪ್ರಬಲ ಆಮ್ಲ, ಪ್ರಬಲ ಪ್ರತ್ಯಾಮ್ಲ ಯಾವುದೇ ಇರಲಿ, ಸಾರರಿಕ್ತ ದ್ರಾವಣಗಳನ್ನು ಬೆರೆಸಿದಾಗ ಹುಟ್ಟುವ ಪ್ರತಿ ಮೋಲ್ (ಸುಮಾರು 18 ಗ್ರಾಂ) ನೀರಿಗೆ ಸುಮಾರು 57 ಕಿಲೋಜೂಲ್ ಶಾಖ ಏಕೆ ಹೊರಬರುತ್ತದೆ ಎಂಬುದಕ್ಕೆ ಇಲ್ಲಿ ಸೊಗಸಾದ ಉತ್ತರವಿದೆ: ಲವಣಗಳು ಬೇರೆಯಾದರೂ ನಡೆಯುವ ಕ್ರಿಯೆ ಒಂದೇ, ಆ ಎರಡು ಅಯಾನುಗಳು ಕೂಡಿ ನೀರಾಗುವುದು.

ಆದರೆ ನಮ್ಮ ಮನೆಯ ಅರಿಶಿನವೇ ಒಂದು ತಕರಾರು ಎತ್ತುತ್ತದೆ. ಆರತಿಯ ನೀರಿಗೆ ಅರಿಶಿನ, ಸುಣ್ಣ ಕದಡಿದರೆ ಕೆಂಪಾಗುತ್ತದೆ; ಸುಣ್ಣದಲ್ಲಿ ಹೈಡ್ರಾಕ್ಸೈಡ್ ಇದೆ, ಸರಿ. ವಾಷಿಂಗ್ ಸೋಡಾ ಹಾಕಿದರೂ ಕೆಂಪಾಗುತ್ತದೆ, ಅದರ ಸೂತ್ರದಲ್ಲಿ ಹೈಡ್ರಾಕ್ಸೈಡ್ ಎಲ್ಲಿದೆ? ಇಂಥ ಪ್ರಶ್ನೆಗೆ ನೇರ ಉತ್ತರ ಬಂದದ್ದು 1923ರಲ್ಲಿ, ಡೆನ್ಮಾರ್ಕಿನ ಬ್ರಾನ್‌ಸ್ಟೆಡ್ ಮತ್ತು ಇಂಗ್ಲೆಂಡಿನ ಲೌರಿ ಒಬ್ಬರಿಂದೊಬ್ಬರು ಸ್ವತಂತ್ರವಾಗಿ ಮುಂದಿಟ್ಟ ಸಿದ್ಧಾಂತದಿಂದ. ಪ್ರೋಟಾನ್, ಅಂದರೆ ಜಲಜನಕದ ಅಯಾನು, ಕೊಡುವುದು ಆಮ್ಲ, ಪಡೆಯುವುದು ಪ್ರತ್ಯಾಮ್ಲ. ಸೋಡಾದ ಕಾರ್ಬೊನೇಟ್ ನೀರಿನಿಂದ ಪ್ರೋಟಾನ್ ಕಿತ್ತುಕೊಂಡು ಹೈಡ್ರಾಕ್ಸೈಡನ್ನು ಉಳಿಸುತ್ತದೆ. ಅರಿಶಿನದ ಕರ್ಕ್ಯುಮಿನ್ ತನ್ನ ಪ್ರೋಟಾನ್ ಕಳೆದುಕೊಂಡು ಕೆಂಪಾಗುತ್ತದೆ. ನಿಂಬೆರಸ ಹಿಂಡಿದರೆ ಅದನ್ನು ಮರಳಿ ಪಡೆದು ಹಳದಿಯಾಗುತ್ತದೆ. ಈ ಕೊಡು-ಕೊಳ್ಳುವಿಕೆಗೆ ನೀರು ಇರಲೇಬೇಕೆಂದೂ ಇಲ್ಲ. ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಅನಿಲಗಳು ಗಾಳಿಯಲ್ಲಿ ಸಂಧಿಸಿದರೂ ಸಾಕು, ಬಿಳಿ ಹೊಗೆಯಾಗಿ ಲವಣ ಮೂಡುತ್ತದೆ. ಪರೀಕ್ಷೆಗಾಗಿ ಮೂರು ವ್ಯಾಖ್ಯೆಗಳನ್ನು ಉರುಹೊಡೆಸುವ ಬದಲು ಈ ಅರಿಶಿನವೊಂದನ್ನೇ ತರಗತಿಗೆ ತಂದಿದ್ದರೆ ನನಗೆ ಹೆಚ್ಚು ಅರ್ಥವಾಗುತ್ತಿತ್ತು.

ಅದೇ 1923ರಲ್ಲಿ ಅಮೆರಿಕದ ಲೂಯಿಸ್ ಪ್ರೋಟಾನನ್ನೂ ಬದಿಗಿಟ್ಟು, ಎಲೆಕ್ಟ್ರಾನ್ ಜೋಡಿಯನ್ನು ಸ್ವೀಕರಿಸುವುದೇ ಆಮ್ಲ, ಕೊಡುವುದೇ ಪ್ರತ್ಯಾಮ್ಲ ಎಂದರು. ಹಾಗಾಗಿ ಜಲಜನಕವೇ ಇಲ್ಲದ ಬೋರಾನ್ ಟ್ರೈಫ್ಲೋರೈಡ್ ಕೂಡ ಆಮ್ಲವಾಯಿತು. ಅದು ಈಥರ್‌ನೊಂದಿಗೆ ಕೂಡಿಕೊಳ್ಳುವಾಗ ಎಲೆಕ್ಟ್ರಾನ್ ಜೋಡಿಯನ್ನು ಕೊಟ್ಟು ಪ್ರತ್ಯಾಮ್ಲದ ಕೆಲಸ ಮಾಡುವುದು ಈಥರ್‌ನಲ್ಲಿರುವ ಆಮ್ಲಜನಕ.