ಹಳೆ ಲ್ಯಾಪ್‌ಟಾಪ್‌ಗೆ ಡೆಬಿಯನ್: ಗ್ರಬ್ ಕಾಟದ ಎರಡು ದಿನ

ಶನಿವಾರ ರಾತ್ರಿ. ವಿಂಡೋಸ್ ಪಕ್ಕದಲ್ಲೇ ಡೆಬಿಯನ್ 12 ಎಂಬ ಲಿನಕ್ಸ್ ಹಾಕುತ್ತಿದ್ದೆ. ಫೈಲ್‌ಗಳೆಲ್ಲ ಕಾಪಿ ಆಗಿ ಇನ್ನೇನು ಮುಗಿಯಿತು ಅನ್ನುವಾಗ ಕೆಂಪು ಪರದೆ ಬಂತು: ಗ್ರಬ್ ಹಾಕಲು ಆಗಲಿಲ್ಲ. ಕಂಪ್ಯೂಟರ್ ಆನ್ ಆದಾಗ ಯಾವ ಓಎಸ್ ಬೇಕೆಂದು ಮೆನು ತೋರಿಸಿ ಅದನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ ಇದು.

ತಪ್ಪು ನನ್ನದೇ. ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣುತ್ತಿತ್ತು. ಒಂದರ ಹಿಂದೆ ಯುಇಎಫ್‌ಐ (ಬೂಟ್ ಆಗುವ ಹೊಸ ವಿಧಾನ) ಎಂದಿತ್ತು, ನಾನು ಸುಮ್ನೆ ಇನ್ನೊಂದನ್ನು ಒತ್ತಿದ್ದೆ. ಹಾಗಾಗಿ ಇನ್‌ಸ್ಟಾಲರ್ ಹಳೆಯ ಬಯೋಸ್ ಮೋಡ್‌ನಲ್ಲಿ ಎದ್ದಿತ್ತು. ಡಿಸ್ಕ್‌ನ ಪಾರ್ಟಿಷನ್ ಪಟ್ಟಿ ಮಾತ್ರ ಜಿಪಿಟಿ ಎಂಬ ಹೊಸ ಬಗೆಯದು. ಈ ಜೋಡಿಯಲ್ಲಿ ಗ್ರಬ್‌ಗೆ ಬಯೋಸ್ ಬೂಟ್ ಎಂಬ ಪುಟ್ಟ ಪಾರ್ಟಿಷನ್ ಬೇಕು. 1 ಎಂಬಿ ಸಾಕು, ಆದರೆ ಅದೂ ಇರಲಿಲ್ಲ. ಯುಇಎಫ್‌ಐ ಮೋಡ್‌ನಲ್ಲಿ ಎದ್ದಿದ್ದರೆ ಮಾತ್ರ ಇರುವ /ಸಿಸ್/ಫರ್ಮ್‌ವೇರ್/ಇಎಫ್‌ಐ ಫೋಲ್ಡರನ್ನು ಟರ್ಮಿನಲ್‌ನಲ್ಲಿ ಹುಡುಕಿದೆ. ಇಲ್ಲ. ಅನುಮಾನ ಖಾತ್ರಿಯಾಯಿತು.

ಭಾನುವಾರ ಸರಿಯಾದದ್ದನ್ನು ಒತ್ತಿ ಮತ್ತೆ ಹಾಕಿದೆ. ಈ ಸಲ ಎರರ್ ಇಲ್ಲ. ರೀಬೂಟ್ ಮಾಡಿದರೆ ನೇರ ವಿಂಡೋಸ್! ಪೆನ್‌ಡ್ರೈವ್‌ನ ರೆಸ್ಕ್ಯೂ ಮೋಡ್‌ಗೆ ಹೋಗಿ, ಬೂಟ್ ಎಂಟ್ರಿಗಳ ಪಟ್ಟಿ ತೋರಿಸುವ ಇಎಫ್‌ಐಬೂಟ್‌ಎಂಜಿಆರ್ ಓಡಿಸಿದೆ. ಪಟ್ಟಿಯಲ್ಲಿ ಡೆಬಿಯನ್ ಹೆಸರೇ ಇಲ್ಲ. ಕೈಯಾರೆ ಸೇರಿಸಿದೆ, ಕಾಣಿಸಿತು. ರೀಬೂಟ್ ಆದಮೇಲೆ ಮತ್ತೆ ಮಾಯ. ಇದನ್ನೇ ಮೂರು ಸಲ ಮಾಡಿದೆ, ನಾಲ್ಕನೇ ಸಲಕ್ಕೆ ಬುದ್ಧಿ ಬಂತು.

ಗ್ರಬ್ ಕೆಟ್ಟಿರಲಿಲ್ಲ. ಬೂಟ್ ಫೈಲ್‌ಗಳಿರುವ ಇಎಫ್‌ಐ ಪಾರ್ಟಿಷನ್‌ನ ಡೆಬಿಯನ್ ಫೋಲ್ಡರ್‌ನಲ್ಲಿ ತಣ್ಣಗೆ ಕೂತಿತ್ತು. ಈ ಲ್ಯಾಪ್‌ಟಾಪ್‌ನ ಫರ್ಮ್‌ವೇರ್ (ಆನ್ ಆದೊಡನೆ ಮೊದಲು ಓಡುವ ಒಳಗಿನ ಸಾಫ್ಟ್‌ವೇರ್) ಮಾತ್ರ ಹೊಸ ಎಂಟ್ರಿಗಳನ್ನು ಅಳಿಸಿ, ಇಎಫ್‌ಐ/ಬೂಟ್/ಬೂಟ್‌ಎಕ್ಸ್64.ಇಎಫ್‌ಐ ಎಂಬ ಒಂದೇ ವಿಳಾಸಕ್ಕೆ ಹೋಗುತ್ತದೆ. ಪೆನ್‌ಡ್ರೈವ್‌ನಂಥವಕ್ಕೆ ಇಟ್ಟಿರುವ ಡೀಫಾಲ್ಟ್ ಜಾಗ ಅದು. ಅಲ್ಲಿ ವಿಂಡೋಸ್ ತನ್ನದೊಂದು ಪ್ರತಿ ಇಟ್ಟಿತ್ತು. ಮತ್ತೆ ವಿಂಡೋಸ್ ಬರದೆ ಇನ್ನೇನು ಬರುತ್ತದೆ, ಅಲ್ವಾ?

ಮೊದಲು ಆ ಫೈಲ್‌ನ ಬ್ಯಾಕಪ್ ತೆಗೆದೆ. ದಯವಿಟ್ಟು ಇದನ್ನು ಬಿಡಬೇಡಿ. ಆಮೇಲೆ ಗ್ರಬ್ ಹಾಕುವ ಗ್ರಬ್-ಇನ್‌ಸ್ಟಾಲ್ ಕಮಾಂಡ್‌ಗೆ ಫೋರ್ಸ್-ಎಕ್ಸ್‌ಟ್ರಾ-ರಿಮೂವಬಲ್ ಆಯ್ಕೆ ಕೊಟ್ಟೆ. ಡೆಬಿಯನ್‌ನವರು ಇಂಥ ಫರ್ಮ್‌ವೇರ್‌ಗೆಂದೇ ಸೇರಿಸಿದ್ದು ಇದು. ಗ್ರಬ್‌ನ ಪ್ರತಿ ಆ ಡೀಫಾಲ್ಟ್ ಜಾಗಕ್ಕೂ ಹೋಯಿತು. ರೀಬೂಟ್. ನೀಲಿ ಮೆನು!

ಆದರೆ ಅದರಲ್ಲಿ ವಿಂಡೋಸ್ ಇಲ್ಲ. ಇದು ಸಣ್ಣ ವಿಷಯ: ಬೇರೆ ಓಎಸ್‌ಗಳನ್ನು ಹುಡುಕಿ ಮೆನುವಿಗೆ ಕೊಡುವ ಓಎಸ್-ಪ್ರೋಬರ್ ಗ್ರಬ್ 2.06ರಿಂದ ತಾನಾಗಿ ಓಡುವುದಿಲ್ಲ. /ಇಟಿಸಿ/ಡೀಫಾಲ್ಟ್/ಗ್ರಬ್‌ನಲ್ಲಿ ಗ್ರಬ್_ಡಿಸೇಬಲ್_ಓಎಸ್_ಪ್ರೋಬರ್ ಅನ್ನು ಫಾಲ್ಸ್ ಮಾಡಿ ಅಪ್‌ಡೇಟ್-ಗ್ರಬ್ ಓಡಿಸಿದೆ. ಎರಡೂ ಬಂದವು.

ಡಿ ಡ್ರೈವ್ ಮಾತ್ರ ಡೆಬಿಯನ್‌ನಲ್ಲಿ ಓದಲಷ್ಟೇ ತೆರೆಯುತ್ತಿದೆ. ಶಟ್‌ಡೌನ್ ಮಾಡಿದರೂ ವಿಂಡೋಸನ್ನು ಅರೆನಿದ್ದೆಯಲ್ಲೇ ಇಡುವ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಬೇಕು. ಅದು ಮುಂದಿನ ವಾರಕ್ಕೆ.