ಮಿಲಿಟರಿಯವರು ಕೊಂದರೆ ಕಾನೂನು ಬೇರೆಯಾ?

ಖಡ್ಕಿ ಕಂಟೋನ್ಮೆಂಟ್ ಪಕ್ಕದಲ್ಲೇ ಮನೆ, ಮೇಲೆ ವಕೀಲಿ ಬೇರೆ. ಹಾಗಾಗಿ ಪುಣೆಯ ಕನ್ನಡದವರು ಎಲ್ಲಿ ಸಿಕ್ಕರೂ ಈ ಪ್ರಶ್ನೆ ತಪ್ಪುವುದಿಲ್ಲ. ಮೊನ್ನೆ ಮದುವೆಯೊಂದರಲ್ಲಿ ಎಲೆಗೆ ಅನ್ನ ಬೀಳುವ ಮೊದಲೇ ಧಾರವಾಡದ ಕಾಕಾ ಒಬ್ಬರು ಶುರು ಮಾಡಿದರು: "ವಕೀಲ್ರ, ಮಿಲಿಟ್ರಿಯವ್ರು ಸಿಟ್ಟಿನಾಗ ಯಾರ್ನರ ಕೊಂದ್ರ ಅವ್ರ ಕಾನೂನ ಬ್ಯಾರೇನ ಅಲ್ಲೇನ್ರಿ?"

ಅಪರಾಧದ ಅರ್ಥ ಬೇರೆಯಲ್ಲ. 1950ರ ಸೇನಾ ಕಾಯ್ದೆಯಲ್ಲಿ ಕೊಲೆಯಲ್ಲದ ನರಹತ್ಯೆಗೆ (ಪ್ರಾಣ ತೆಗೆದರೂ ಕಾನೂನು ಕೊಲೆಗಿಂತ ಕಡಿಮೆ ಅಂತ ಎಣಿಸುವ ಅಪರಾಧ) ಸ್ವಂತ ವ್ಯಾಖ್ಯೆಯೇ ಇಲ್ಲ. 69ನೇ ಸೆಕ್ಷನ್ ಊರಿನ ದಂಡ ಕಾನೂನನ್ನೇ ಕೈಗಡ ತರುತ್ತದೆ. ಚಾರ್ಜ್‌ಶೀಟ್ 'ಸಿವಿಲ್ ಅಫೆನ್ಸ್ ಎಸಗಿದ್ದು, ಅಂದರೆ...' ಅಂತ ಶುರುವಾಗುತ್ತದೆ. 'ಸಿವಿಲ್' ನೋಡಿ ಹೊಲದ ವ್ಯಾಜ್ಯ ಅಂದುಕೊಂಡವರೂ ಇದ್ದಾರೆ! ಇಲ್ಲಿ ಅದರ ಅರ್ಥ ಊರಿನ ಕಾನೂನಿನ ಅಪರಾಧ ಅಂತಷ್ಟೇ. ಮುಂದೆ ಸೆಕ್ಷನ್ ನಂಬರು: ಮೊದಲು ಭಾರತೀಯ ದಂಡ ಸಂಹಿತೆಯ 304, 2024ರ ಜುಲೈ 1ರಿಂದ ಅದರ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ 105. 105ರ ಪ್ರಕಾರ ಇರಾದೆ ಇದ್ದರೆ ಜೀವಾವಧಿ, ಇಲ್ಲವೇ 5ರಿಂದ 10 ವರ್ಷ. ಇರಾದೆಯಿಲ್ಲ, ಆದರೆ ಸಾಯಬಹುದು ಅಂತ ಗೊತ್ತಿತ್ತು ಅಂದರೆ 10 ವರ್ಷದವರೆಗೆ. ಎರಡಕ್ಕೂ ದಂಡ ಉಂಟು. ಸೇನೆಯದೇ ನ್ಯಾಯಾಲಯವಾದ ಕೋರ್ಟ್ ಮಾರ್ಷಲ್‌ನಲ್ಲಾದರೆ ನೌಕರಿಯೂ ಹೋಗಬಹುದು.

ಇರಾದೆ ಇದ್ದೂ ಕೊಲೆ ಯಾಕಲ್ಲ? ಯಾರೋ ದಿಢೀರನೆ, ತೀರಾ ಕೆರಳಿಸಿದಾಗ ಹಿಡಿತ ತಪ್ಪಿ ಕೊಂದರೆ ಕಾನೂನು ಒಂದು ಮೆಟ್ಟಿಲು ಕೆಳಗಿಳಿಯುತ್ತದೆ.

ಬೇರೆಯಾಗುವುದು ವಿಚಾರಣೆಯ ಜಾಗ. ಅದು ಸತ್ತವನು ಯಾರು ಅನ್ನುವುದರ ಮೇಲಿದೆ. ಬ್ಯಾರಕ್ಕಿನಲ್ಲಿ ಜಗಳವಾಗಿ ಇನ್ನೊಬ್ಬ ಜವಾನ ಸತ್ತರೆ ಕೋರ್ಟ್ ಮಾರ್ಷಲ್ಲೂ ಆಗಬಹುದು, ಸೆಷನ್ಸ್ ಕೋರ್ಟೂ ಆಗಬಹುದು. ಮೊದಲ ಆಯ್ಕೆ ಸೇನಾಧಿಕಾರಿಯದು. ಹೊರಗಿನವನು, ಅಂದರೆ ಸಾಮಾನ್ಯ ನಾಗರಿಕ, ಸತ್ತರೆ ಸೇನಾ ಕಾಯ್ದೆಯ 70ನೇ ಸೆಕ್ಷನ್ ಅಡ್ಡ ಬರುತ್ತದೆ, ಸೇನೆ ವಿಚಾರಿಸುವಂತಿಲ್ಲ. ವಿದೇಶ, ಸರ್ಕಾರ ಗೊತ್ತುಮಾಡಿದ ಗಡಿಠಾಣೆ, 'ಆಕ್ಟಿವ್ ಸರ್ವಿಸ್' ಇವಿಷ್ಟೇ ವಿನಾಯಿತಿ. ಈ ಆಕ್ಟಿವ್ ಸರ್ವಿಸ್ ಅಂದರೆ ಬರೀ ಯುದ್ಧವಲ್ಲ, ಸರ್ಕಾರ ಅಧಿಸೂಚನೆ ಹೊರಡಿಸಿಯೂ ಹಾಗಂತ ಘೋಷಿಸಬಹುದು. ನನಗಂತೂ ಇದು ತುಸು ಸಡಿಲವೇ ಅನಿಸುತ್ತದೆ.

ಕಾಕಾಗೆ ನಾನಾವತಿ ಕೇಸು ಹೇಳಿದೆ. 1959, ಮುಂಬೈ. ಕೊಂದವನು ನೌಕಾಪಡೆಯ ಕಮಾಂಡರ್ ನಾನಾವತಿ, ಸತ್ತವನು ಹೆಂಡತಿಯ ಪ್ರಿಯಕರ, ಸಿವಿಲಿಯನ್. ಕೇಸು ನಡೆದದ್ದು ಸೆಷನ್ಸ್ ಕೋರ್ಟಿನಲ್ಲೇ. ಜ್ಯೂರಿಯ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ನಾಗರಿಕರ, 9 ಜನರಲ್ಲಿ 8 ಮಂದಿ ತಪ್ಪಿಲ್ಲ ಅಂದರು. ಹೈಕೋರ್ಟ್ ಕೊಲೆ ಎಂದು ಜೀವಾವಧಿ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕೆರಳಿಸಿದ್ದು ನಿಜ. ಆದರೆ ಮನೆಯಿಂದ ಹೊರಟಿದ್ದು ಮಧ್ಯಾಹ್ನ 1.30ಕ್ಕೆ, ಗುಂಡು ಹಾರಿದ್ದು 4.20ಕ್ಕೆ. ನಡುವೆ ಹಡಗಿಗೆ ಹೋಗಿ ರಿವಾಲ್ವರ್ ತಗೊಂಡಿದ್ದ. ಅಷ್ಟು ಹೊತ್ತಿನಲ್ಲಿ ಸಿಟ್ಟು ತಣಿಯಬೇಕಿತ್ತು ಅಂದಿತು ಕೋರ್ಟು.

ಕಾಕಾ ಅನ್ನ ಕಲಸುವುದನ್ನು ನಿಲ್ಲಿಸಿದರು. "ಮೂರ ತಾಸಿನ್ಯಾಗ ತಣಿತೈತೇನ್ರಿ? ನಮ್ಮ ಮನ್ಯಾಕಿದು ಮೂರ ದಿನ ಇರತೈತಿ."