ಎದುರು ಮನೆ ಅಜ್ಜಿಯ ಬೈಗುಳ

ಸ್ಪೇನಿನ ಸೆವಿಲ್‌ನಿಂದ ಬಂದು ಸೂಟ್‌ಕೇಸ್ ಇನ್ನೂ ಖಾಲಿ ಮಾಡಿಲ್ಲ. ತಲೆಯಲ್ಲಿ ಆ ಅಜ್ಜಿಯ ಬೈಗುಳ ಮಾತ್ರ ಹಾಗೇ ಓಡುತ್ತಿದೆ.

ಜುಲೈ ತಿಂಗಳು. ಬೆಳಿಗ್ಗೆ ಹನ್ನೊಂದಕ್ಕೆ ನಮ್ಮೋರು ಗಾಳಿ ಬರಲಿ ಅಂತ ಬಾಡಿಗೆ ಕೋಣೆಯ ಕಿಟಕಿಗಳನ್ನೆಲ್ಲ ತೆಗೆದರು. ನಾವಿದ್ದ ಸಾಂತಾ ಕ್ರೂಸ್ ಬಡಾವಣೆಯ ಓಣಿಗಳು ಎಷ್ಟು ಕಿರಿದು ಅಂದ್ರೆ, ಎದುರು ಮನೆಗೆ ಕೈಚಾಚಿ ಸಕ್ಕರೆ ಕೊಡಬಹುದು. ಅಲ್ಲಿ ಮರದ ಪಟ್ಟಿಯ ಪರದೆ ಸರಿಸಿ ಅಜ್ಜಿಯೊಬ್ಬರು ತಲೆ ಹೊರಹಾಕಿದರು. ಬೀಸಣಿಗೆಯನ್ನು ಪಟ್ ಅಂತ ಮಡಚಿ, ಅದರಿಂದಲೇ ನಮ್ಮ ಕಿಟಕಿ ತೋರಿಸಿ ಶುರು ಮಾಡಿದರು. ನಮಗೆ ಸ್ಪ್ಯಾನಿಷ್ ಬಾರದು. ಆದರೆ ಆ ಬೀಸಣಿಗೆ ಹೇಳಿದ್ದು ಸ್ಪಷ್ಟ: ಮೊದಲು ಮುಚ್ಚಿ!

"ನಾವು ಕಲಬುರ್ಗಿಯವ್ರು. ಬಿಸಿಲಂದ್ರೇನಂತ ನಮ್ಗ ಇವ್ರು ಹೇಳಿಕೊಡ್ಬೇಕೇನು?" ಅಂದರು ನಮ್ಮೋರು. ಮೊಂಡುತನ ಆ ಊರ ನೀರಿನಲ್ಲೇ ಇರಬೇಕು.

ಮಧ್ಯಾಹ್ನಕ್ಕೆ ಕೋಣೆ ಬೇಕರಿ ಒಲೆಯಾಯಿತು. ಮೂಲೆಯ ಔಷಧಿ ಅಂಗಡಿಯ ಬೋರ್ಡು 43 ಡಿಗ್ರಿ ತೋರಿಸುತ್ತಿತ್ತು. "ನಿಮ್ಮಮ್ಮನೂ ಬೇಸಿಗೆಯಲ್ಲಿ ಬೆಳಿಗ್ಗೆನೇ ಬಾಗಿಲು ಕಿಟಕಿ ಹಾಕಿ ಕತ್ತಲು ಮಾಡ್ತಿದ್ರು, ಅಲ್ವಾ?" ಅಂದೆ. ಉತ್ತರವಿಲ್ಲ. ಮರುದಿನ ಒಂಬತ್ತಕ್ಕೇ ಬೀಸಣಿಗೆ ಮತ್ತೆ ಹೊರಬಂತು. ತಪಾಸಣೆ!

ಊರೇ ಆ ಅಜ್ಜಿಯ ಹಾಗೆ ನಡೆಯುತ್ತದೆ. ಸಿಯೆರ್ಪೆಸ್ ಬೀದಿಗೆ ಈ ಕಡೆ ಮಾಳಿಗೆಯಿಂದ ಆ ಕಡೆಗೆ ಬಟ್ಟೆಯ ಚಪ್ಪರ. ಮಧ್ಯಾಹ್ನ ಸಣ್ಣ ಅಂಗಡಿಗಳು ಬಂದ್. ಸೂರ್ಯ ಮುಳುಗೋದು ರಾತ್ರಿ ಒಂಬತ್ತೂವರೆ ದಾಟಿದ ಮೇಲೆ. ಆಮೇಲೆ ಊಟ, ಹರಟೆ, ನಡುರಾತ್ರಿ ಮಕ್ಕಳ ಚೆಂಡಾಟ. 2022ರಲ್ಲಿ ಬಿಸಿಗಾಳಿಗೂ ಚಂಡಮಾರುತಕ್ಕಿಟ್ಟ ಹಾಗೆ ಹೆಸರಿಟ್ಟ ಊರು ಇದು. ಮೊದಲನೆಯದು ಜೋಯಿ.

ಹಾಗಾದರೆ ನಾಲ್ಕು ಗಂಟೆಗೆ ಬೀದಿಯಲ್ಲಿ ಯಾರಿರುತ್ತಾರೆ? ನಮ್ಮಂಥ ಪ್ರವಾಸಿಗರು, ಸಾರೋಟಿನ ಕುದುರೆಗಳು, ಬೆನ್ನಿಗೆ ಚೌಕದ ಚೀಲ ಕಟ್ಟಿಕೊಂಡ ಡೆಲಿವರಿ ಹುಡುಗರು. ಒಬ್ಬ ಹುಡುಗ ನಮ್ಮ ಓಣಿಯಲ್ಲೇ ಬೆಲ್ ಒತ್ತಿ ಕಾಯುತ್ತಿದ್ದ. ಗಲ್ಲದಿಂದ ಬೆವರು ತೊಟ್ಟಿಕ್ಕಿ ಅವನ ಫೋನಿನ ಮೇಲೆ ಬೀಳುತ್ತಿತ್ತು. ಆರೆಂಜ್, ರೆಡ್ ಅಲರ್ಟ್ ಇದ್ದು, ಬೇರೆ ರಕ್ಷಣೆ ಸಾಲದಿದ್ದರೆ ಹೊರಗಿನ ಕೆಲಸದ ಹೊತ್ತು ಇಳಿಸಬೇಕು, ಬದಲಿಸಬೇಕು ಅಂತ 2023ರಲ್ಲಿ ಸ್ಪೇನ್ ಕಾನೂನು ಮಾಡಿದೆ. ಆ ಹುಡುಗನಿಗೆ ಅದು ಎಷ್ಟು ಮುಟ್ಟಿದೆಯೋ.

ನಮ್ಮಲ್ಲೂ ಕಲಬುರ್ಗಿ ಕಡೆ ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಒಳ್ಳೇದೇ. ಭಾವನವರು ಎರಡಕ್ಕೆಲ್ಲ ಮನೆಗೆ ಬಂದು ಕೂಲರ್ ಮುಂದೆ ಮಲಗುತ್ತಾರೆ. ಹೋದ ಮೇನಲ್ಲಿ ಅವರ ಮನೆ ಮೇಲೆ ಇನ್ನೊಂದು ಮಹಡಿ ಕಟ್ಟಿಸುತ್ತಿದ್ದರು. ಇಟ್ಟಿಗೆ ಹೊರುವವರ ಗಲಾಟೆಗೆ ಮಧ್ಯಾಹ್ನ ಕಣ್ಣು ಮುಚ್ಚೋಕಾಗ್ತಿಲ್ಲ ಅಂತ ಫೋನಿನಲ್ಲಿ ಗೊಣಗಿದ್ದರು.